ಲೈನ್ ಹಿಂದೆ ಬಿಚ್ಚಿಕೊಳ್ಳೋ ತನಕ ತಡೀರಿ

ಫ್ಲೈ ಕಾಸ್ಟಿಂಗ್, ಅಂದ್ರೆ ಹುಳದಂತೆ ಕಟ್ಟಿದ ಹಗುರ ಗಾಳ (ಫ್ಲೈ) ಎಸೆದು ಮೀನು ಹಿಡಿಯೋ ವಿದ್ಯೆ, ಕಲಿಯೋಕೆ ಹೊರಟವರಿಗೆ ಮೊದಲು ಸಿಗೋ ಪಾಠ ಗಡಿಯಾರದ ಲೆಕ್ಕ. ಗಾಳದ ಕೋಲು (ರಾಡ್) ಗಡಿಯಾರದ ಮುಳ್ಳಿನ ಹಾಗೆ ಮುಂದೆ 10 ಗಂಟೆಗೆ ನಿಲ್ಲಬೇಕು, ಹಿಂದೆ 2 ಗಂಟೆಗೆ. ಕೇಳೋಕೆ ಸುಲಭ, ನೆನಪಲ್ಲೂ ಉಳಿಯುತ್ತೆ. ಆದರೆ ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು, ಎದುರಿಗೇ ಟ್ರೌಟ್ ಮೀನು ಮೇಲೆ ಬಂದು ಹುಳ ನುಂಗ್ತಿದ್ದರೂ ಅಲ್ಲಿಗೆ ಫ್ಲೈ ಮುಟ್ಟಿಸಲಾಗದೆ ಒದ್ದಾಡೋರನ್ನ ನೋಡಿದಾಗಲೆಲ್ಲ, ಈ ಲೆಕ್ಕವೇ ಅವರ ಕೈ ಕಟ್ಟಿಹಾಕಿದೆ ಅನ್ನಿಸುತ್ತೆ.

ಮಾಮೂಲಿ ಗಾಳದಲ್ಲಿ ತುದಿಯ ಭಾರ ದಾರವನ್ನ ಎಳ್ಕೊಂಡು ಹೋಗುತ್ತೆ. ಇಲ್ಲಿ ಫ್ಲೈಗೆ ತೂಕವೇ ಇಲ್ಲ ಅನ್ನಬೇಕು, ನಾವು ಎಸೆಯೋದು ಲೈನನ್ನ, ಅಂದ್ರೆ ಭಾರವಿರೋ ದಪ್ಪ ದಾರವನ್ನ. 5ನೇ ನಂಬರಿನ (ನಂಬರು ತೂಕದ ಗುರುತು) ಲೈನಿನ ಮೊದಲ 30 ಅಡಿ ತೂಗೋದು ಸುಮಾರು 9 ಗ್ರಾಂ. ಅಷ್ಟು ಸಣ್ಣ ಭಾರ ರಾಡನ್ನ ಬಗ್ಗಿಸಬೇಕು ಅಂದ್ರೆ ಲೈನ್ ನಿಮ್ಮ ಬೆನ್ನ ಹಿಂದೆ ನೇರವಾಗಿ ಚಾಚಿರಬೇಕು. ಬಿಚ್ಚಿಕೊಳ್ಳೋ ಮೊದಲೇ ಮುಂದಕ್ಕೆ ಬೀಸಿದ್ರೆ ಅರ್ಧ ಬೀಸು ಸಡಿಲ ಎಳೆಯೋದ್ರಲ್ಲೇ ಮುಗಿದುಹೋಗುತ್ತೆ. ಹಿಂದುಗಡೆ ಛಟ್ ಅಂತ ಸದ್ದು ಬಂತೋ, ಫ್ಲೈ ಕಿತ್ತುಹೋಗಿದ್ರೂ ಹೋಗಿರಬಹುದು. ತೀರಾ ತಡ ಮಾಡಿದ್ರೆ ಲೈನ್ ಹಿಂದಿನ ಹುಲ್ಲಿಗೆ ಬೀಳುತ್ತೆ. ಎಷ್ಟು ಹೊತ್ತು ತಡೀಬೇಕು ಅನ್ನೋದು ಹೊರಗಿರೋ ಲೈನಿನ ಉದ್ದದ ಮೇಲಿದೆ. ಬೀಸಿನ ಅಗಲವೂ ಅಷ್ಟೇ: 20 ಅಡಿಗೆ ಸಾಕಾಗೋ ಸಣ್ಣ ಬೀಸು 45 ಅಡಿಗೆ ಸಾಲದು. ಎರಡಕ್ಕೂ ಒಂದೇ 10–2 ಹೇಗೆ ಹೊಂದುತ್ತೆ?

ಅದಕ್ಕೇ ನಾನು ಹೇಳೋದು, ತಿರುಗಿ ನೋಡಿ. ರಾಡ್ ಹಿಡಿದ ಕಡೆಯ ಕಾಲು ಸ್ವಲ್ಪ ಹಿಂದಿಟ್ಟು ಓರೆಯಾಗಿ ನಿಂತರೆ ಹಿಂದೆ ಹೋಗೋ ಲೈನ್ ಪೂರ್ತಿ ಕಣ್ಣಿಗೆ ಬೀಳುತ್ತೆ. ರಾಡ್ ಗಕ್ಕನೆ ನಿಂತ ಕೂಡಲೇ ಲೂಪ್, ಅಂದ್ರೆ ಲೈನಿನ U ಆಕಾರದ ಬಾಗು, ಹುಟ್ಟುತ್ತೆ. ಮೇಲಿನ ಎಳೆ ಕೆಳಗಿನ ಎಳೆಯನ್ನ ದಾಟಿಕೊಂಡು ಹಿಂದಕ್ಕೆ ಹೋಗ್ತಾ, ಕೊನೆಗೆ ಛತ್ರಿಯ ಹಿಡಿಯಷ್ಟು ಬಾಗು ಮಾತ್ರ ಉಳಿಯುತ್ತೆ. ಆಗ ಮುಂದಕ್ಕೆ ಹೊರಡಿ, ಮೆಲ್ಲಗೆ ಶುರುಮಾಡಿ ವೇಗ ಏರಿಸ್ತಾ ಹೋಗಿ ಥಟ್ಟನೆ ನಿಲ್ಲಿಸಿ. ಆ ನಿಲುಗಡೆ ಕೈಗೆ ಬಂದ ದಿನ ಲೂಪ್ ತಾನಾಗಿ ಕಿರಿದಾಗುತ್ತೆ. ಮಣಿಕಟ್ಟು ಸಡಿಲಬಿಟ್ಟು ರಾಡನ್ನ ಹಿಂದಕ್ಕೆ ನೆಲದವರೆಗೆ ಬಗ್ಗಿಸೋರಿಗೆ ಮಾತ್ರ ಇದು ದಕ್ಕಲ್ಲ, ಲೈನ್ ಗುಡ್ಡೆಯಾಗಿ ಮುಂದೆ ಬೀಳುತ್ತೆ.

ಲೀಡರ್‌ನಲ್ಲಿ (ಲೈನಿನ ತುದಿಗೆ ಫ್ಲೈ ಕಟ್ಟೋ ತೆಳು ದಾರ) ಗಂಟು ಬಿದ್ರೆ ಗಾಳಿಯನ್ನ ಬೈಯೋದು ವಾಡಿಕೆ. ಬಹುಪಾಲು ಗಂಟು ಗಾಳಿಯಿಂದ ಬರೋದಲ್ಲ. ಬೀಸಿನ ಶುರುವಿನಲ್ಲೇ ಜೋರು ಹಾಕಿದ್ರೆ ರಾಡಿನ ತುದಿ ತಗ್ಗುತ್ತೆ, ಮೇಲಿನ ಎಳೆ ಕೆಳಗಿನದಕ್ಕೆ ಅಡ್ಡ ಬಂದು ಸುತ್ತಿಕೊಳ್ಳುತ್ತೆ. ಗಂಟು ಬಿದ್ದ ಕಡೆ ಟಿಪ್ಪೆಟ್ (ಲೀಡರಿನ ತುದಿಯ ಅತಿ ತೆಳು ಭಾಗ) ದುರ್ಬಲ. ದಯವಿಟ್ಟು ಬದಲಾಯಿಸಿ, ಒಳ್ಳೇ ಮೀನು ಸಿಕ್ಕಾಗ ಅಲ್ಲೇ ತುಂಡಾಗುತ್ತೆ.

ಇನ್ನು ದೂರದ ಹುಚ್ಚು. ತೋಳಿನ ಬಲವಿದ್ರೆ ದೂರ ಹೋಗುತ್ತೆ ಅನ್ನೋರು ಅಮೆರಿಕದ ಕಾಸ್ಟಿಂಗ್ ಚಾಂಪಿಯನ್ ಜೋನ್ ವುಲ್ಫ್ ಅವರನ್ನ ನೆನಪಿಸಿಕೊಳ್ಳಲಿ. 1951ರಲ್ಲಿ ಆಕೆ ಗಂಡಸರೇ ತುಂಬಿದ್ದ ದೂರ ಎಸೆತದ ಸ್ಪರ್ಧೆ ಗೆದ್ದಿದ್ರು. ಅದಿರಲಿ, ಹೊಳೆಯಲ್ಲಿ ಅಷ್ಟು ದೂರ ಬೇಕಾದ್ರೂ ಯಾಕೆ? ಟ್ರೌಟ್ ಹರಿವಿಗೆ ಮುಖಮಾಡಿ ನಿಂತಿರುತ್ತೆ. ನೀರಿನ ಮೇಲಿನ ಲೋಕ ಅದಕ್ಕೆ ಕಾಣೋದು ತಲೆಯ ಮೇಲಿನ ಸುಮಾರು 97 ಡಿಗ್ರಿ ಕಿಂಡಿಯಲ್ಲಿ. ಕೆಳಹರಿವಿನ ಕಡೆಯಿಂದ, ಬಗ್ಗಿಕೊಂಡು, ನೀರು ಕಲಕದೆ ಹೋದ್ರೆ 25–30 ಅಡಿ ಹತ್ತಿರದವರೆಗೂ ಬರಗೊಡುತ್ತೆ. ಹತ್ತಿರದಿಂದ ಹಾಕಿದ್ರೆ ಇನ್ನೊಂದು ಲಾಭ ಇದೆ. ಉದ್ದ ಲೈನ್ ಮೂರು ನಾಲ್ಕು ಬೇರೆ ಬೇರೆ ವೇಗದ ಸೆಳವುಗಳ ಮೇಲೆ ಬೀಳುತ್ತೆ, ಒಂದೊಂದೂ ಒಂದೊಂದು ಕಡೆ ಎಳೆದು ಫ್ಲೈ ನೀರಿನ ಮೇಲೆ ಗೀರು ಹಾಕ್ತಾ ಓಡುತ್ತೆ. ಅಂಥದ್ದನ್ನ ಟ್ರೌಟ್ ಮೂಸಿಯೂ ನೋಡಲ್ಲ. ನಡುವಿನ ಸೆಳವು ಜೋರಿದ್ರೆ, ಲೈನ್ ಬಿದ್ದ ತಕ್ಷಣ ಅದನ್ನೆತ್ತಿ ಮೇಲ್ಹರಿವಿನ ಕಡೆ ಹೊರಳಿಸಿ. ಈ ಮೆಂಡ್ ಕಲಿಯದೆ ಇನ್ನೂ ಹತ್ತು ಅಡಿ ದೂರ ಎಸೆದೂ ಪ್ರಯೋಜನವಿಲ್ಲ.

ಹಿಂದೆ ಮರ ಒತ್ತಾಗಿದ್ರೆ ರೋಲ್ ಕಾಸ್ಟ್ ಇದೆಯಲ್ಲ. ಅದು ಕೈಲಾಗದವರ ಕಾಸ್ಟ್ ಅನ್ನೋರ ಮಾತು ನನಗೆ ಸುತರಾಂ ಒಪ್ಪಿಗೆಯಿಲ್ಲ. ಲೈನನ್ನ ನೀರ ಮೇಲೇ ಮೆಲ್ಲಗೆ ಹಿಂದಕ್ಕೆಳೆದು, ಭುಜದ ಹಿಂದೆ ಅದು ಜೋತುಬಿದ್ದು ನಿಲ್ಲೋ ತನಕ ತಡೆದು, ಆಮೇಲೆ ಮುಂದಕ್ಕೆ ಹಾಕಿ. ಕಿರಿದಾದ, ಎರಡೂ ದಡ ಪೊದೆ ಮುಚ್ಚಿದ ಹೊಳೆಗಳಲ್ಲಿ ನಾನು ಇಡೀ ದಿನ ಇದನ್ನೇ ಹಾಕ್ತೀನಿ.