ಬರೀ ಕಾಫಿ ಸಾಕು

ಊಟಕ್ಕೆ ಬರ್ತೀವಿ ಅನ್ನುವ ನೆಂಟರನ್ನು ಕಂಡರೆ ನನಗೆ ಭಯವಿಲ್ಲ. ಒಂದು ಪಾವು ಅಕ್ಕಿ ಜಾಸ್ತಿ ಇಟ್ಟು, ಸಾರಿಗೆ ಒಂದು ಚೊಂಬು ನೀರು ಬೆರೆಸಿದರೆ ಕೆಲಸ ಮುಗಿಯಿತು. "ಅಯ್ಯೋ, ಏನೂ ಬೇಡಪ್ಪ, ಬರೀ ಕಾಫಿ ಸಾಕು" ಅನ್ನುತ್ತಾರಲ್ಲ, ಅವರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ.

ನಮ್ಮಣ್ಣನೂ ಹಾಗೇ ಅನ್ನುತ್ತಾನೆ. ಬೆಂಗಳೂರಿನಿಂದ ತುಮಕೂರಿಗೆ 70 ಕಿಲೋಮೀಟರ್. ಊರು ಇನ್ನೇನು ಬಂತು ಅನ್ನುವಾಗ ಕ್ಯಾತ್ಸಂದ್ರದಲ್ಲಿ ಕಾರು ನಿಲ್ಲಿಸಿ, ಬೆಣ್ಣೆ ಹಾಕಿಸಿಕೊಂಡು ಎರಡು ತಟ್ಟೆ ಇಡ್ಲಿ ಮುಗಿಸಿ, ಮೀಸೆಗೆ ಚಟ್ನಿ ಅಂಟಿಸಿಕೊಂಡೇ ಮನೆಗೆ ಬಂದು "ದಾರೀಲಿ ಏನೂ ತಿಂದಿಲ್ಲ, ಆದ್ರೂ ಬರೀ ಕಾಫಿ ಸಾಕು" ಅನ್ನುತ್ತಾನೆ. ಅವನದು ಸಣ್ಣ ಕೇಸು. ದೊಡ್ಡ ಕೇಸು ಗುಬ್ಬಿ ಚಿಕ್ಕಪ್ಪನದು.

ಚಿಕ್ಕಪ್ಪ ರಿಟೈರ್ಡ್ ಮೇಷ್ಟ್ರು. ಅಪ್ಪ ಇದ್ದ ಕಾಲದಿಂದಲೂ ತಿಂಗಳಿಗೊಂದು ಭಾನುವಾರ, ಸರಿಯಾಗಿ ನಾಲ್ಕು ಗಂಟೆಗೆ, ಚಿಕ್ಕಮ್ಮನ ಜೊತೆ ನಮ್ಮ ಮನೆಗೆ ಬರುವುದು ಪದ್ಧತಿ. ಅಪ್ಪ ಹೋದರು, ಪದ್ಧತಿ ಹೋಗಲಿಲ್ಲ. ಗುಬ್ಬಿಯವರಿಗೆ ನಾಟಕ ರಕ್ತದಲ್ಲೇ ಇದೆ ಅನ್ನುವುದು ಚಿಕ್ಕಪ್ಪನ ವಾದ. "1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರು ಕಣೋ ನಮ್ದು!" ಅಂತ ಶುರು ಮಾಡಿದರೆ, ಕಾಫಿ ಬೇಕು ಅನ್ನುವ ಮಾತನ್ನೂ ಹಿಂದಿನ ಸಾಲಿನವರಿಗೆ ಕೇಳುವ ಹಾಗೆ ಹೇಳುತ್ತಾರೆ. ಎದುರು ಮನೆಯವರಿಗೆ ಚಿಕ್ಕಪ್ಪ ಬಂದ ಸುದ್ದಿ ಯಾರೂ ಹೇಳಬೇಕಾಗಿಲ್ಲ.

ಅವರ ಕಾಫಿಗೆ ಮೂರು ಷರತ್ತು. ಡಿಕಾಕ್ಷನ್ ಫಿಲ್ಟರಿನಲ್ಲೇ ಇಳಿದಿರಬೇಕು. ಸಕ್ಕರೆ ಕೂಡದು, ಬೆಲ್ಲ ಆಗಬಹುದು. ಡಾಕ್ಟರು ಬೇಡ ಅಂದಿದ್ದು ಸಕ್ಕರೆಯನ್ನು, ಬೆಲ್ಲದ ಹೆಸರೇ ಎತ್ತಲಿಲ್ಲವಂತೆ. ಮೂರನೆಯದು, ಚಿಕೋರಿ ಇರಲೇಬಾರದು. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದ ಕಥೆಯನ್ನು ಅವರು ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಕೊನೆಗೆ ಪ್ರತಿ ಸಲವೂ ಇದೇ ಡೈಲಾಗು: "ಏಳು ಬೀಜ ತಂದ ಮಹಾನುಭಾವ! ಅದರಲ್ಲಿ ಒಂದಾದರೂ ಚಿಕೋರಿ ಬೀಜ ಇತ್ತೇ?"

ಒಂದು ಸಲ ಅವರು ಚಿಕೋರಿ ಅಂದರೆ ಮೂಲಂಗಿ ಜಾತಿಯ ಬೇರು ಅಂದರು. ನಾನು ಬಾಯಿ ಮುಚ್ಚಿಕೊಂಡಿರದೆ, ಬೇರು ಹೌದು, ಆದರೆ ಅದು ಸೇವಂತಿಗೆ ಕುಟುಂಬದ ಗಿಡ ಅಂದೆ. ಅಮ್ಮ ಕವಡೆ ಕುಲುಕುತ್ತಾ "ಹಾಗಾದ್ರೆ ದೇವರಿಗೆ ಮುಡಿಸೋಣ ಬಿಡು" ಅಂದಳು. ಚಿಕ್ಕಪ್ಪ ಆವತ್ತು ಎರಡನೇ ಲೋಟ ಕುಡಿಯಲಿಲ್ಲ.

ಕವಡೆ ಯಾಕೆ ಅಂದರೆ, ಚಿಕ್ಕಪ್ಪ ಕಾಫಿಗೆ ಬರುವುದಾದರೆ ಚಿಕ್ಕಮ್ಮ ಬರುವುದು ಚೌಕಾಬಾರಕ್ಕೆ. ಅಮ್ಮ, ಚಿಕ್ಕಮ್ಮ ವಾರಗಿತ್ತಿಯರು. ನಲವತ್ತು ವರ್ಷದಲ್ಲಿ ಒಬ್ಬರಿಗೊಬ್ಬರು ಒಂದು ಗಟ್ಟಿ ಮಾತು ಆಡಿದವರಲ್ಲ. ಆಡಬೇಕಾದ್ದನ್ನೆಲ್ಲ ಕವಡೆಯಲ್ಲೇ ಆಡಿಕೊಳ್ಳುತ್ತಾರೆ. ಹಾಲಿನ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ, ಇಂಟು ಮಾರ್ಕು, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು, ಅದೇ ಬಾರ. ಎರಡಕ್ಕೂ ಮತ್ತೊಂದು ಸಲ ಹಾಕುವ ಅವಕಾಶ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಪ್ರವೇಶವಿಲ್ಲ. ಅಮ್ಮನ ಕಾಯಿ ಹುಣಸೆ ಬೀಜ, ಚಿಕ್ಕಮ್ಮನದು ಹಸಿರು ಬಳೆ ಚೂರು. ಚಿಕ್ಕಪ್ಪನನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಹಿಂದೊಮ್ಮೆ ಅವರಿಗೆ ಕಾಯಿ ಅಂತ ಹುರಿಗಡಲೆ ಕೊಟ್ಟಿದ್ದರು. ಕಾಯಿ ಹಣ್ಣಾಗುವ ಮೊದಲೇ ತಿಂದುಬಿಟ್ಟಿದ್ದರು.

ಹೋದ ತಿಂಗಳ ಭಾನುವಾರ ನನ್ನ ಹೆಂಡತಿ ಮಧುಗಿರಿಗೆ ನಾಮಕರಣಕ್ಕೆ ಹೋಗಿದ್ದಳು. ಹೋಗುವಾಗ "ಡಿಕಾಕ್ಷನ್ ಹಾಕಿಟ್ಟು ಹೋಗ್ಲಾ?" ಅಂದಳು. ನಾನು ನಕ್ಕೆ. ಐವತ್ತು ದಾಟಿದ ಗಂಡಸಿಗೆ ಪುಡಿಯ ಮೇಲೆ ಬಿಸಿನೀರು ಹುಯ್ಯುವುದು ಬರುವುದಿಲ್ಲವೇ? ಆ ನಗು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ತಪ್ಪು ಶುರುವಾಗಿದ್ದು ಹಿಂದಿನ ದಿನ ಕಾಫಿಪುಡಿ ಅಂಗಡಿಯಲ್ಲಿ. ಬೀಜ ಹುರಿದು ಕಣ್ಣೆದುರಿಗೇ ಪುಡಿ ಮಾಡಿಕೊಡುವ ಅಂಗಡಿ ಅದು. ಒಳಗೆ ಕಾಲಿಟ್ಟರೆ ಅಂಗಿಗೆಲ್ಲ ಘಮ ಹತ್ತುತ್ತದೆ. "ಚಿಕೋರಿ ಎಷ್ಟು ಸಾರ್? ಎಂಬತ್ತು ಇಪ್ಪತ್ತಾ?" ಅಂದ ಹುಡುಗ. "ಚಿಕೋರಿನೇ ಬೇಡ" ಅಂದೆ ಗತ್ತಿನಿಂದ. ಪಕ್ಕದಲ್ಲಿ ನಿಂತಿದ್ದ ಇಬ್ಬರು ನನ್ನ ಕಡೆ ತಿರುಗಿ ನೋಡಿದರು. ಅದರಿಂದ ಸ್ವಲ್ಪ ಉಬ್ಬಿಹೋಗಿ, ಯಾರೂ ಕೇಳದಿದ್ದರೂ "ಚೆನ್ನಾಗಿ ನುಣ್ಣಗೆ ಮಾಡಪ್ಪ" ಅಂತ ಸೇರಿಸಿದೆ. ಹುಡುಗ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ವಿಭೂತಿಯಷ್ಟು ನುಣ್ಣಗೆ ಮಾಡಿಕೊಟ್ಟ.

ನಮ್ಮ ಮನೆಯ ಹಿತ್ತಾಳೆ ಫಿಲ್ಟರು ಅಮ್ಮ ಮದುವೆಯಾಗಿ ಬಂದಾಗ ತಂದಿದ್ದು. ಮೇಲಿನ ಲೋಟದ ಅಂಚಿನಲ್ಲಿ ಒಂದು ನೆಗ್ಗು, ಒಳಗೆ ಕಲಾಯಿ. ತಳದ ತೂತುಗಳು ಆಗಾಗ ಕಟ್ಟಿಕೊಳ್ಳುತ್ತವೆ. ಸ್ಟೀಲ್ ಫಿಲ್ಟರಾದರೆ ಒಲೆಯ ಉರಿಗೆ ಬೋರಲು ಹಿಡಿದರೆ ಆಯಿತು. ತೂತಿನಲ್ಲಿ ಸಿಕ್ಕಿದ ಪುಡಿಯೆಲ್ಲ ಕೆಂಪು ಕೆಂಪು ಚುಕ್ಕಿಯಾಗಿ ಮಿನುಗಿ, ಬೂದಿಯಾಗಿ ಉದುರುತ್ತದೆ. ಯುಗಾದಿ ಹೊತ್ತಿನಲ್ಲಿ ನಾನು ಈ ಉಪಾಯವನ್ನು ಹಿತ್ತಾಳೆ ಫಿಲ್ಟರಿನ ಮೇಲೂ ಪ್ರಯೋಗಿಸಿದ್ದೆ. ತೂತೇನೋ ಬಿಟ್ಟವು, ಜೊತೆಗೆ ಕಲಾಯಿಯೂ ಕರಗಿ ಬಿಟ್ಟಿತು. ಮತ್ತೆ ಕಲಾಯಿ ಹಾಕುವವನನ್ನು ಹುಡುಕಿಕೊಂಡು ಅರ್ಧ ತುಮಕೂರು ಸುತ್ತಿದೆ. ಹೀಗಾಗಿ ಆ ಫಿಲ್ಟರು ನನ್ನ ಕೈಗೆ ಬಂದಾಗೆಲ್ಲ ಅಮ್ಮನ ಕಣ್ಣು ನನ್ನ ಕೈ ಮೇಲೇ ಇರುತ್ತದೆ.

ಮೂರೂಕಾಲಿಗೆ ಪುಡಿ ಹಾಕಿದೆ. ಒತ್ತುವ ಬಿಲ್ಲೆಯಿಂದ, ನಾವು ಅದಕ್ಕೆ ಛತ್ರಿ ಅನ್ನುತ್ತೇವೆ, ಹಿಟ್ಟು ಅದುಮುವ ಹಾಗೆ ಅದುಮಿದೆ. ಕುದಿಯುವ ನೀರು ಹುಯ್ದೆ. ಮುಚ್ಚಳ ಮುಚ್ಚಿ ಪೇಪರ್ ಓದಲು ಕೂತೆ.

ನಾಲ್ಕಕ್ಕೆ ಗೇಟಿನ ಸದ್ದು. "ಬರೀ ಕಾಫಿ ಸಾಕು ಕಣೋ!" ಅನ್ನುವ ರಂಗಪ್ರವೇಶ. ಚಿಕ್ಕಮ್ಮ ಎರಡು ತೆಂಗಿನಕಾಯಿ, ಒಂದು ಡಬ್ಬ ಕೋಡುಬಳೆ ತಂದಿದ್ದರು. ಅವರ ಕೋಡುಬಳೆ ರುಚಿಯ ಬಗ್ಗೆ ಎರಡು ಮಾತಿಲ್ಲ. ತಿಪಟೂರು ಕೊಬ್ಬರಿ, ಹುರಿಗಡಲೆ, ಬ್ಯಾಡಗಿ ಮೆಣಸಿನಕಾಯಿ, ಎಲ್ಲ ಹದವಾಗಿರುತ್ತದೆ. ಹಿಟ್ಟಿಗೆ ಕಾಯಿಸಿ ಹಾಕುವ ಎಣ್ಣೆಯಲ್ಲಿ ಮಾತ್ರ ಕೈ ಬಿಗಿ. ಅದರಿಂದ ಕೋಡುಬಳೆ ಬಿದ್ದರೆ ಟಣ್ ಅನ್ನುತ್ತದೆ. ಚಿಕ್ಕಪ್ಪನಿಗೆ ಕಟ್ಟಿಸಿದ ಹಲ್ಲು. ಕಾಫಿಯಲ್ಲಿ ಅದ್ದದೆ ತಿನ್ನುವ ಹಾಗಿಲ್ಲ. ಒಂದು ಕೋಡುಬಳೆಯನ್ನು ಉಂಗುರದ ಹಾಗೆ ತೋರುಬೆರಳಿಗೆ ಹಾಕಿಕೊಂಡು ಕಾಯುತ್ತಾ ಕೂತರು.

ನಾನು ಅಡುಗೆಮನೆಗೆ ಹೋಗಿ ಫಿಲ್ಟರಿಗೆ ಕಿವಿ ಕೊಟ್ಟೆ. ತೊಟ್ಟಿಕ್ಕುವ ಸದ್ದೇ ಇಲ್ಲ. ಮುಚ್ಚಳ ತೆಗೆದರೆ, ಹುಯ್ದ ನೀರು ಹುಯ್ದ ಹಾಗೇ ನಿಂತಿದೆ, ಅಮಾನಿಕೆರೆಯ ಹಾಗೆ. ಚಮಚದಲ್ಲಿ ಕುಟ್ಟಿದೆ. ಊದಿದೆ. "ಏನಾಯ್ತೋ?" ಅಂದಳು ಅಮ್ಮ ಹಾಲಿನಿಂದ. "ಇಳೀತಿದೆ" ಅಂದೆ. ನಾಲ್ಕೂವರೆಗೂ ಅದೇ ಉತ್ತರ ಕೊಟ್ಟೆ.

ಚಿಕ್ಕಪ್ಪ ಕೋಡುಬಳೆ ಬೆರಳೆತ್ತಿ, "ಇಲ್ಲಿ ತಗೊಂಬಾರೋ, ನಾನು ನೋಡ್ತೀನಿ" ಅಂದರು. ಮೇಷ್ಟ್ರ ಆಜ್ಞೆ. ಟವೆಲ್‌ನಲ್ಲಿ ಸುತ್ತಿ ತಂದೆ. ಅವರು ಫಿಲ್ಟರನ್ನು ಬೆಳಕಿಗೆ ಹಿಡಿದು, ಉತ್ತರಪತ್ರಿಕೆ ನೋಡಿದ ಹಾಗೆ ನೋಡಿ, "ಮೇಲಿಂದು ಸ್ವಲ್ಪ ಎತ್ತು. ಗಾಳಿ ಆಡಿದರೆ ಇಳಿಯುತ್ತೆ" ಅಂದರು. ಎತ್ತಿದೆ, ಬರಲಿಲ್ಲ. ತಿರುಗಿಸಿದೆ. ಆ ನೆಗ್ಗು ಎಲ್ಲೋ ಕಚ್ಚಿಕೊಂಡಿತ್ತು. ಚಿಕ್ಕಪ್ಪ ಕೆಳಗಿನ ಲೋಟ ಹಿಡಿದರು, ನಾನು ಮೇಲಿನದು ಹಿಡಿದೆ. ಇಬ್ಬರೂ ಹಗ್ಗಜಗ್ಗಾಟದ ಹಾಗೆ ಎಳೆದೆವು.

ಬಂತು. ಒಂದೇ ಸಲ ಬಂತು. ನೀರು ಮೊದಲು, ಪುಡಿಯ ಮುದ್ದೆ ಆಮೇಲೆ. ನನ್ನ ಬಿಳಿ ಪಂಚೆ, ಚಿಕ್ಕಪ್ಪನ ಕನ್ನಡಕ, ಗೋಡೆಯ ಕ್ಯಾಲೆಂಡರಿನ ಏಕಾದಶಿ, ಯಾವುದನ್ನೂ ಬಿಡಲಿಲ್ಲ. ಮುಖ್ಯವಾದ ಪಾಲು ನೇರವಾಗಿ ಚೌಕಾಬಾರದ ನಡುಮನೆಗೆ ಬಿತ್ತು. ಸೀಮೆಸುಣ್ಣದ ಗೆರೆ, ಹುಣಸೆ ಬೀಜ, ಬಳೆ ಚೂರು ಎಲ್ಲ ಕೊಚ್ಚಿಕೊಂಡು ಸೋಫಾದ ಕೆಳಗೆ ಹೋದವು.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಯಾರಿಗಾದರೂ ಸುಟ್ಟಿತಾ ಅಂತ ಕೇಳುತ್ತಾರೆ ಅಂದುಕೊಂಡೆ.

"ನನ್ನ ಕೊನೇ ಕಾಯಿ ಹಣ್ಣಾಗಿತ್ತು" ಅಂದರು ಚಿಕ್ಕಮ್ಮ.

"ಎಲ್ಲಿ ಆಗಿತ್ತು? ಇನ್ನೂ ಎರಡು ಬೇಕಿತ್ತು" ಅಂದಳು ಅಮ್ಮ.

"ಎರಡು ಬಿದ್ದಿತ್ತಲ್ಲ ಅಕ್ಕ."

"ಮೂರು ಬಿದ್ದಿತ್ತು. ನಾನು ನೋಡಿದೀನಿ."

ನಲವತ್ತು ವರ್ಷದ ಶಾಂತಿ ನನ್ನ ಕಣ್ಣ ಮುಂದೆ ಅಲುಗಾಡಿತು. ನಾನು ನೆಲ ಒರೆಸುವ ನೆಪದಲ್ಲಿ ಬಟ್ಟೆ ಹುಡುಕಿಕೊಂಡು ಹೋದೆ.

ಆಮೇಲಿನದು ಬೇಗ ಹೇಳುತ್ತೇನೆ, ಹೇಳುವುದಕ್ಕೂ ಸಂಕಟ. ಹೆಂಡತಿಯ ಸ್ಟೀಲ್ ಫಿಲ್ಟರಿಗೆ ಅದೇ ವಿಭೂತಿ ಪುಡಿ ಹಾಕಿದೆ. ಅದೂ ಮುಷ್ಕರ ಹೂಡಿತು. ಅಷ್ಟರಲ್ಲಿ ಹಾಲಾದರೂ ರೆಡಿ ಇರಲಿ ಅಂತ ಕುದಿಯುವ ಹಾಲಿಗೆ ಬೆಲ್ಲ ಹಾಕಿದೆ. ಬೆಲ್ಲವನ್ನು ಕೊನೆಗೆ, ಒಲೆ ಆರಿಸಿದ ಮೇಲೆ ಹಾಕಬೇಕು ಅನ್ನುವುದು ಅಡುಗೆಮನೆಯ ಎಲ್ಲ ಪಾತ್ರೆಗೂ ಗೊತ್ತಿತ್ತಂತೆ, ನನಗೆ ಗೊತ್ತಿರಲಿಲ್ಲ. ಹಾಲು ಒಡೆದು ನೀರೇ ಬೇರೆ, ಗಿಣ್ಣೇ ಬೇರೆ ಆಯಿತು. ಎದುರು ಮನೆ ಆಂಟಿಯ ಹತ್ತಿರ ಅರ್ಧ ಲೀಟರ್ ಸಾಲ ಕೇಳಿದೆ. ಅವರು ಹಾಲಿನ ಜೊತೆ ತಾವೂ ಬಂದರು. ಕವಡೆ ಜಗಳ ಅಲ್ಲಿಗೇ ಕೇಳಿಸುತ್ತಿತ್ತಂತೆ. "ನಂಗೂ ಬರೀ ಕಾಫಿ ಸಾಕು" ಅಂದು ಕುರ್ಚಿ ಎಳೆದುಕೊಂಡರು.

ಐದೂಕಾಲು. ಚಿಕ್ಕಪ್ಪನ ಬೆರಳಲ್ಲಿ ಕೋಡುಬಳೆ ಇನ್ನೂ ಹಾಗೇ ಇದೆ. ನಾನು ಸಕ್ಕರೆ ಹುಡುಕುತ್ತಾ ಡಬ್ಬಗಳನ್ನು ಜಾಲಾಡಿದಾಗ, ಸಾಸಿವೆ ಡಬ್ಬದ ಹಿಂದೆ ಸಿಕ್ಕಿತು ಒಂದು ಇನ್‌ಸ್ಟಂಟ್ ಕಾಫಿ ಪ್ಯಾಕೆಟ್. ನನ್ನ ಹೆಂಡತಿ ಅರ್ಜೆಂಟಿಗೆ ಅಂತ ಬಚ್ಚಿಟ್ಟದ್ದು. ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು: ಚಿಕೋರಿ ಶೇಕಡಾ 30.

ಬಾಬಾ ಬುಡನ್‌ಗೆ ಮನಸ್ಸಿನಲ್ಲೇ ಕೈ ಮುಗಿದು ಕತ್ತರಿಸಿದೆ. ಐದು ಲೋಟಕ್ಕೆ ಹಾಕಿ ಕಲಕುತ್ತಿದ್ದೆ. ಬೆನ್ನ ಹಿಂದೆ ಬಳೆ ಸದ್ದಾಯಿತು. ಚಿಕ್ಕಮ್ಮ.

ಪ್ಯಾಕೆಟ್ ನೋಡಿದರು. ನನ್ನನ್ನು ನೋಡಿದರು. ಪ್ಯಾಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ನಮ್ಮನೇಲಿ ಹನ್ನೆರಡು ವರ್ಷದಿಂದ ಇದೇ ಕಣೋ" ಅಂದರು ಪಿಸುಮಾತಲ್ಲಿ. "ದಿನಾ ಬೆಳಿಗ್ಗೆ ಫಿಲ್ಟರು ತೊಳೆದು ಕಿಟಕೀಲಿ ಬೋರಲು ಹಾಕ್ತೀನಿ. ಅವರು ಅದನ್ನ ನೋಡ್ಕೊಂಡು ಕುಡೀತಾರೆ. ಅರ್ಧ ಚಮಚ ಸಕ್ಕರೆ ಹಾಕು, ಬೆಲ್ಲ ಅಂದ್ಕೋತಾರೆ."

ನನಗೆ ಹೋದ ಜೀವ ಬಂತು. "ನೀವು ದೇವರು ಚಿಕ್ಕಮ್ಮ" ಅಂದೆ.

"ಅದಿರಲಿ. ನನ್ನ ಕಾಯಿ ಹಣ್ಣಾಗಿತ್ತು. ಅಲ್ವಾ?"

ಸೆರಗಿನ ಗಂಟನ್ನು ಸುಮ್ನೆ ಒಮ್ಮೆ ಮುಟ್ಟಿಕೊಂಡರು.

ಲೋಟ ಹಿಡಿದು ಹಾಲಿಗೆ ಬಂದೆ. ಚಿಕ್ಕಪ್ಪ ಕಡೆಗೂ ಬೆರಳಿನಿಂದ ಕೋಡುಬಳೆ ಬಿಚ್ಚಿದರು. ಅದ್ದಿದರು. ಕಚ್ಚಿದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಆಹಾ! ನೋಡು, ಎರಡನೇ ಫಿಲ್ಟರಿಗೆ ಕೈ ಕುದುರಿತು. ಇದು ಡಿಕಾಕ್ಷನ್! ಚಿಕೋರಿಯ ಸೋಂಕೇ ಇಲ್ಲ. ನಾಲಿಗೆ ಹೇಳುತ್ತೆ ಕಣೋ, ನಾಲಿಗೆ!"

ಆಂಟಿ ಹೂಂಗುಟ್ಟಿದರು. ನಾನು ಗಂಟಲು ಸರಿಮಾಡಿಕೊಂಡೆ. "ಅಮ್ಮಾ, ಈಗ ನೆನಪಾಯ್ತು. ಫಿಲ್ಟರು ಬಿಚ್ಚೋ ಹೊತ್ತಿಗೆ ನಾನು ಕವಡೆ ನೋಡಿದ್ದೆ. ಎರಡೇ ಬಿದ್ದಿತ್ತು."

ಅಮ್ಮ ಏನೂ ಅನ್ನಲಿಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದಳು. ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದ ಸ್ಟೀಲ್ ಫಿಲ್ಟರಿನ ಕಡೆ ನೋಡಿದಳು. ಆಮೇಲೆ ಚಿಕ್ಕಮ್ಮನ ಸೆರಗಿನ ಕಡೆ ನೋಡಿದಳು. ಪೂರ್ತಿ ಕಾಫಿ ಕುಡಿದು ಲೋಟ ಕೆಳಗಿಟ್ಟಳು.

ರಾತ್ರಿ ದೀಪ ಆರಿಸುವ ಹೊತ್ತಿಗೆ ಕರೆದಳು.

"ಎಷ್ಟಕ್ಕೋ ಮಾರಿದೆ ನನ್ನ ಆಟಾನ?"

"ಒಂದು ಪ್ಯಾಕೆಟ್‌ಗೆ ಅಮ್ಮಾ."

"ಹೂಂ" ಅಂದಳು. ಹೊದಿಕೆ ಎಳೆದುಕೊಂಡು, ಗೋಡೆ ಕಡೆ ತಿರುಗಿ, "ಅವರು ಮುಂದಿನ ಸಲ ಬರೋ ಹೊತ್ತಿಗೆ ನಂಗೂ ಒಂದು ತಂದಿಡು."