ಬರೇ ಮೂರು ಫೂಟು

ನಮ್ಮ ಪಡಸಾಲೆಯ ಗೋಡೆಯ ಮೇಲೆ, ಸ್ವಿಚ್ ಬೋರ್ಡಿನ ಪಕ್ಕದಲ್ಲಿ, ಒಂದು ಲೆಕ್ಕವಿದೆ. ಬಡಿಗ್ಯಾರು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಬರೆದದ್ದು. ನಾನು ಕಾಗದ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಬರೆದು ಮುಗಿಸಿ, ಕೆಳಗೆ ಎರಡು ಗೆರೆ ಎಳೆದು, ಉತ್ತರಕ್ಕೊಂದು ಸುತ್ತು ಹಾಕಿದ್ದರು. ಬಣ್ಣ ಹೊಡೆಸಿ ಇನ್ನೂ ತಿಂಗಳಾಗದ ಗೋಡೆ! “ಅಳಸಿದ್ರ ಹೊಕ್ಕೇತ್ರಿ ಸರ” ಎಂದರು. ಅಳಿಸಿದೆ. ಸುತ್ತಲೂ ಒಂದು ಬೂದು ಮೋಡ ಕವಿಯಿತು. ಅಂಕಿಗಳು ಅದರ ನಡುವೆ ಮೊದಲಿಗಿಂತ ಢಾಳಾಗಿ ಕಾಣತೊಡಗಿದವು. ಎರಡು ವರ್ಷವಾಯಿತು, ಬೆಳಿಗ್ಗೆ ಚಹಾ ಕುಡಿಯುತ್ತ ಆ ಲೆಕ್ಕ ಕೂಡಿಸುತ್ತೇನೆ. ಒಂದು ದಿನವೂ ಅವರ ಉತ್ತರ ಬಂದಿಲ್ಲ.

ಪುಸ್ತಕದ ಕಪಾಟಿನ ಲೆಕ್ಕವದು. ಎತ್ತರ ಆರು ಫೂಟು, ಅಗಲ ಮೂರೂವರೆ, ಒಳಗೆ ಹತ್ತು ಇಂಚು. ನಿಂತ ಹಲಗೆ ಎರಡು, ಅಡ್ಡ ಹಲಗೆ ಆರು. ಎಲ್ಲ ಇಂಚು ದಪ್ಪದವು.

“ಸಾಗವಾನಿ ಎಷ್ಟು ಬೇಕಾಗ್ತದ?” ಎಂದೆ.

“ಬರೇ ಮೂರು ಫೂಟ ತರ್ರಿ. ಸಾಕು.”

ಆರು ಫೂಟಿನ ಕಪಾಟು ಮೂರು ಫೂಟು ಕಟ್ಟಿಗೆಯಲ್ಲಿ! ಇಂಥ ಬಡಿಗೇರ ಸಿಕ್ಕಿದ್ದು ಹಿರಿಯರ ಪುಣ್ಯ ಎಂದುಕೊಂಡು, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಹಿಡಿಸೀತೇ ಎಂದು ಯೋಚಿಸುತ್ತ ಧಾರವಾಡದಿಂದ ಹುಬ್ಬಳ್ಳಿಯ ವಖಾರಿಗೆ ಹೋದೆ. ಮರಳಿ ಬಂದದ್ದು ಎಂಟು ಫೂಟಿನ ಐದು ಹಲಗೆ ಹೇರಿಕೊಂಡ ಟಂಟಂ ಹಿಂದೆ, ಅದರ ಹೊಗೆ ಕುಡಿಯುತ್ತ.

ಫೂಟು ಎಂಬ ಶಬ್ದಕ್ಕೆ ನಮ್ಮಲ್ಲಿ ಮೂರು ಅವತಾರ. ಪಟ್ಟಿ ಕೊಂಡರೆ ಉದ್ದದ ಫೂಟು, ಪ್ಲೈವುಡ್ಡಿಗೆ ಚದರ ಫೂಟು, ಸಾಗವಾನಿಗೆ ಘನ ಫೂಟು. ಬಾಯಲ್ಲಿ ಮಾತ್ರ ಎಲ್ಲವೂ ಫೂಟೇ. ಯಾವ ಫೂಟು ಎಂದು ಕೇಳಿದರೆ, ಮಿರ್ಚಿ ಗಾಡಿಯ ಮುಂದೆ ನಿಂತು ಖಾರ ಇದೆಯೇ ಎಂದು ಕೇಳಿದವನನ್ನು ನೋಡುವ ಹಾಗೆ ನೋಡುತ್ತಾರೆ. ಪ್ಲೈವುಡ್ಡಿನದಂತೂ ಇನ್ನೂ ಚಂದ: ಉದ್ದಗಲ ಎಂಟು-ನಾಲ್ಕು ಫೂಟು, ದಪ್ಪ ಹದಿನೆಂಟು ಎಮ್ಮೆಮ್ಮು. ಮೆಟ್ರಿಕ್ ಅಳತೆಗೆ ಕಾನೂನು ಆದದ್ದು 1956ರಲ್ಲಿ. ಅದು ಹಲಗೆಯ ದಪ್ಪದ ತನಕ ನಡೆದು ಬಂದು, ದಣಿದು, ಅಲ್ಲೇ ಕೂತಿದೆ. ನಮ್ಮ ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮು ಜಗತ್ತಿಗೇ ಉದ್ದದ್ದು ಎಂದು ಹೇಳಿಕೊಳ್ಳುವಾಗ 1507 ಮೀಟರ್ ಎನ್ನುತ್ತೇವೆ, ಕೊನೆಯ ಏಳು ಮೀಟರನ್ನೂ ಬಿಟ್ಟುಕೊಡುವುದಿಲ್ಲ. ಅದೇ ಊರಿನಲ್ಲಿ ನಾಲ್ಕು ಹಲಗೆ ಕೊಳ್ಳಲು ಹೋಗಿ, “ಹತ್ತಹತ್ರ ಅಷ್ಟ ಆಕ್ಕೇತಿ, ಮ್ಯಾಲೊಂದೀಟು ಹಿಡೀರಿ.” ಈ ‘ಒಂದೀಟು’ ಎಷ್ಟು? ಅದನ್ನು ಅಳೆಯುವ ಟೇಪು ಎಲ್ಲಿ ಸಿಗುತ್ತದೆ?

ಈ ಸಿಟ್ಟು ನನ್ನದೊಬ್ಬನದಲ್ಲ, ಮನೆತನದ್ದು.

ನಾನು ಆರನೇ ಇಯತ್ತೆಯಲ್ಲಿದ್ದಾಗ, ಹಾನಗಲ್ಲಿನಲ್ಲಿ ಗಣಿತದ ಮಾಸ್ತರರಾಗಿದ್ದ ನಮ್ಮ ಕಾಕಾ ಕಪಾಟು ಮಾಡಿಸಲೆಂದು ಒಂದು ಸಾಗವಾನಿ ದಿಮ್ಮಿ ಕೊಂಡರು. (ಹಾನಗಲ್ಲು ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. 1997ರಲ್ಲಿ ಜಿಲ್ಲೆಯನ್ನು ಮೂರು ಹೋಳು ಮಾಡಿದರು. ಗರಗಸ ಎಷ್ಟು ತಿಂದಿತೋ, ಲೆಕ್ಕ ಇಟ್ಟವರಿಲ್ಲ.) ವಖಾರಿಯವ ದಿಮ್ಮಿಯ ನಡುವಿಗೆ ಸುತಳಿ ಸುತ್ತಿದ. ಸುತ್ತು ಮುಗಿದಲ್ಲಿ ಉಗುರು ಒತ್ತಿ ಹಿಡಿದು, ಬಿಚ್ಚಿ, ಸುತಳಿಯನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿಗೆ ಹಚ್ಚಿ “ಹನ್ನೆರಡು” ಎಂದ. ಹನ್ನೆರಡ್ ಹನ್ನೆರಡ್ಲೆ ನೂರಾ ನಲವತ್ನಾಲ್ಕು ಚದರ ಇಂಚು, ಅಂದರೆ ಒಂದು ಚದರ ಫೂಟು. ಉದ್ದ ಹನ್ನೆರಡು ಫೂಟು. ಒಟ್ಟು ಹನ್ನೆರಡು ಘನ ಫೂಟು. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬಾತ 1736ರಲ್ಲಿ ಅಚ್ಚು ಹಾಕಿಸಿದ ಲೆಕ್ಕ ಹಾನಗಲ್ಲಿನ ಸುತಳಿಯೊಳಗೆ ಮಡಿಕೆಯಾಗಿ ಬದುಕಿತ್ತು.

ಕಾಕಾ ಅಲ್ಲೇ ನಿಂತು, ಕಣ್ಣು ಮುಚ್ಚಿ, ಪೈ ಹಚ್ಚಿ ನೋಡಿದರು. ನಲವತ್ತೆಂಟು ಇಂಚು ಸುತ್ತಳತೆಯ ದುಂಡು ಮರ ಖರೇ ಲೆಕ್ಕಕ್ಕೆ 15.28 ಘನ ಫೂಟು. ಇವ ರೊಕ್ಕ ಕೇಳುತ್ತಿರುವುದು ಹನ್ನೆರಡಕ್ಕೆ. ಮೂರೂಕಾಲು ಫೂಟು ಸಾಗವಾನಿ ಪುಕ್ಕಟೆ! ಚೌಕಾಶಿ ಮಾಡದೆ ಎಣಿಸಿ ಕೊಟ್ಟರು. ಮನೆ ಮುಟ್ಟುವ ತನಕ ನಗುತ್ತಲೇ ಇದ್ದರು. “ಲೇ ತಮ್ಮಾ, ವೃತ್ತ ಗೊತ್ತಿಲ್ಲದವ್ರು ದುಂಡು ಕಟ್ಟಿಗಿ ಮಾರಬಾರದು ನೋಡು” ಎಂದರು. ಆ ವಾರ ಶಾಲೆಯಲ್ಲಿ ವೃತ್ತದ ಪಾಠವನ್ನು ಇನ್ನೊಮ್ಮೆ ಮಾಡಿದರಂತೆ.

ಮರುವಾರ ದಿಮ್ಮಿ ಸಾಮಿಲ್ಲಿಗೆ ಹೋಯಿತು. ನಾಲ್ಕೂ ಬದಿಯ ಬೆನ್ನು ಕಳಚಿ ಚೌಕ ಮಾಡಿದಾಗ ಉಳಿದದ್ದು ಹತ್ತು ಇಂಚು ಆರು ಸೂತ. ಸೂತ ಎಂದರೆ ಇಂಚಿನಲ್ಲಿ ಎಂಟನೆಯ ಒಂದು ಪಾಲು. ಕಾಕಾ ಬರೆದುಕೊಂಡರು: 9.6 ಘನ ಫೂಟು. ಇಂಚಿನ ಹಲಗೆ ಹತ್ತಾದರೂ ಬರಬೇಕಿತ್ತು. ಸೀಳು ಸೀಳಿಗೆ ಗರಗಸ ಒಂದೊಂದು ಸೂತ ತಿಂದು ಒಂಬತ್ತೇ ಬಂದವು. ಎಂಟು ಘನ ಫೂಟು. ಬಡಿಗ್ಯಾ ಎರಡೂ ಮೈಗೆ ರಂದಾ ಹೊಡೆದು ನುಣುಪು ಮಾಡಿದ ಮೇಲೆ ಇಂಚು ಮುಕ್ಕಾಲಾಯಿತು. ಆರು ಫೂಟು. ಹದಿನೈದು ಕೊಂಡೆನೆಂದು ನಕ್ಕ ಮನುಷ್ಯನ ಕೈಯಲ್ಲಿ ಆರು. ಹಾಪಸ್ ಸಾಹೇಬ ಆ ಮೂರೂಕಾಲನ್ನು ಯಾಕೆ ಬಿಟ್ಟಿದ್ದ ಎಂಬುದು ಮಾಸ್ತರರಿಗೆ ಆಗ ಹೊಳೆಯಿತು. ಹೊಳೆದರೆ ಸಿಟ್ಟು ಇಳಿಯುತ್ತದೆಯೇ?

“ಈ ಹೊಟ್ಟು ಯಾರದು?” ಎಂದು ಸಾಮಿಲ್ಲಿನ ನೆಲ ತೋರಿಸಿದರು.

“ಹೊಟ್ಟ ಹೊಟ್ಟರೀ ಮಾಸ್ತರ. ಅದೇನ ಲೆಕ್ಕ?”

“ನಂದು. ರೊಕ್ಕ ಕೊಟ್ಟೀನಿ.”

ಮೂರು ಗೋಣಿಚೀಲ ಹೊಟ್ಟು ಮನೆಗೆ ಬಂತು. ಅದರಲ್ಲಿ ಬೇವಿನ ಹೊಟ್ಟೆಷ್ಟು, ಮತ್ತಿಯ ಹೊಟ್ಟೆಷ್ಟು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಾಕು ಹೊಟ್ಟಿನ ಒಲೆಗೆಂದು ಒಂದು ಡಬ್ಬಿಯ ಬುಡದ ಬದಿಗೆ ತೂತು ಮಾಡಿಸಿ, ನಡುವೆ ಬಾಟಲಿ ನಿಲ್ಲಿಸಿ, ತೂತಿನೊಳಗೆ ಒಂದು ಕೋಲು ತೂರಿಸಿ, ಸುತ್ತ ಹೊಟ್ಟು ತುಂಬಿ ಒನಕೆಯ ತುದಿಯಿಂದ ಜಡಿಯುತ್ತಿದ್ದರು. ಆಮೇಲೆ ಬಾಟಲಿಯನ್ನು ತಿರುವುತ್ತ ತಿರುವುತ್ತ ಮೇಲಕ್ಕೆಳೆಯಬೇಕು. ಅವಸರ ಮಾಡಿದರೆ ಗೋಡೆ ಕುಸಿದು ಮತ್ತೆ ಮೊದಲಿನಿಂದ. ಆ ಒಲೆ ಹೊಗೆಯಿಲ್ಲದೆ, ಒಳಗೊಳಗೇ ಕೆಂಪಗೆ ಉರಿಯುತ್ತಿತ್ತು. ಅದರ ಮೇಲೆ ಹಂಡೆ. ರಜೆಗೆ ಹೋದ ನಾವು ಮಕ್ಕಳೆಲ್ಲ ಕಾಕಾನ ಕಪಾಟಿನ ಕಳೆದುಹೋದ ಭಾಗವನ್ನು ದಿನಾ ಬೆಳಿಗ್ಗೆ ಮೈಮೇಲೆ ಸುರಿದುಕೊಂಡೆವು. “ಇಷ್ಟು ತುಟ್ಟಿ ನೀರಿನ್ಯಾಗ ರಾಜ್ರೂ ಜಳಕ ಮಾಡಿರಲಿಕ್ಕಿಲ್ಲ” ಎನ್ನುತ್ತಿದ್ದರು ಕಾಕು, ಕಾಕಾಗೆ ಕೇಳುವಷ್ಟು ಮಾತ್ರ ಗಟ್ಟಿಯಾಗಿ.

ಇದರಿಂದ ನಾನು ಕಲಿತದ್ದೇನೆಂದರೆ... ಇರಲಿ, ಮೊದಲು ನನ್ನ ಕಪಾಟಿನ ಮಾತು ಮುಗಿಸುತ್ತೇನೆ.

ನನ್ನ ಲೆಕ್ಕಕ್ಕೆ ಆ ಎಂಟು ಹಲಗೆಗೆ ಬೇಕಾದದ್ದು 2.29 ಘನ ಫೂಟು. ಬಡಿಗ್ಯಾರ ಸುತ್ತಿನೊಳಗಿರುವುದು ಮೂರು. ಮೊದಲ ವರ್ಷ ಅದನ್ನು ಮೋಸ ಎಂದುಕೊಂಡಿದ್ದೆ. ಬಂದವರೆಲ್ಲ “ಪ್ಲೈವುಡ್ ಹಾಕಿಸಿದ್ರ ಅರ್ಧಾ ರೊಕ್ಕದಾಗ ಆಗ್ತಿತ್ತು” ಎಂದು ಉಪ್ಪು ಸವರಿ ಹೋಗುತ್ತಿದ್ದರು. ಕಪಾಟು ಆದ ಮೇಲೆ ಬಂದು ಹೇಳುವ ಈ ಜನ ಆಗುವ ಮೊದಲು ಎಲ್ಲಿದ್ದರೋ. ಎರಡನೆಯ ವರ್ಷ ಮಂಚದ ಕೆಳಗಿನ ತುಂಡುಗಳನ್ನು ಹೊರಗೆಳೆದು ಅಳೆದೆ. ಎಂಟು ಫೂಟಿನ ಹಲಗೆಯಲ್ಲಿ ಆರು ಫೂಟಿನದನ್ನು ಕೊಯ್ದರೆ ಎರಡು ಉಳಿಯುತ್ತದೆ. ಮೂರೂವರೆಯ ಎರಡು ಕೊಯ್ದರೆ ಒಂದು ಉಳಿಯುತ್ತದೆ. ಹೀಗೆ ಎರಡು ಫೂಟಿನವು ಎರಡು, ಒಂದು ಫೂಟಿನವು ಮೂರು. ಕೂಡಿಸಿದರೆ ಏಳು ಫೂಟು, ಎರಡು ಅಡ್ಡ ಹಲಗೆಗೆ ಸರಿಯಾಗಿ ಸಾಲುವಷ್ಟು. ಒಂದೂ ಆಗುವುದಿಲ್ಲ.

ಆಗುವುದು ಬೇಕಾಗಿತ್ತು. ಯಾಕೆಂದರೆ ಒಂದು ಹಲಗೆಯ ನಟ್ಟನಡುವೆ ಗಂಟಿತ್ತು, ಕೊಯ್ಯುವಾಗ ಅದು ಕಣ್ಣಿನ ಗುಡ್ಡೆಯಂತೆ ಉದುರಿಬಿತ್ತು. ಆರನೆಯ ಹಲಗೆ ಇಲ್ಲದ ಕಪಾಟಿನಲ್ಲಿ ಈಗ ಶಬ್ದಕೋಶಗಳ ಕೆಳಗೆ ದೊಡ್ಡದೊಂದು ಖಾಲಿ ಜಾಗ. ಅಲ್ಲಿ ನನ್ನ ಹೆಂಡತಿ ಗೋದಿ ಹಿಟ್ಟಿನ ಡಬ್ಬಿ ಇಟ್ಟಿದ್ದಾಳೆ.

ಮೊನ್ನೆ ಬಡಿಗ್ಯಾರು ಪಕ್ಕದ ಮನೆಗೆ ಬಂದಿದ್ದರು. ಕರೆದು ತೋರಿಸಿದೆ. ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು.

“ಒಂದ ಹಲಗಿ ತರ್ರಿ ಸರ, ಎಂಟು ಫೂಟಿಂದು. ಹಾಕಿಬಿಡೂಣು.”

“ಬೇಕಾಗಿದ್ದು ಮೂರೂವರಿ. ಉಳಿದ ನಾಲ್ಕೂವರಿ ಏನು ಮಾಡ್ಲಿ?”

“ಅದರಾಗ ಊಟಕ್ಕ ಕೂಡಾಕ ಮಣಿ ಮಾಡೂಣ್ರಿ. ಮೂರು ಆಕ್ಕಾವು.”

“ಮೂರು ಆಗ್ತಾವ? ಕಾಲಿಗೆ?”

“ಕಾಲಿಗೆ...” ಎಂದವರು ಕಿವಿಯ ಸಂದಿಗೆ ಕೈ ಹಾಕಿ, ಗೋಡೆಯ ಮೇಲೆ ಖಾಲಿ ಜಾಗ ಹುಡುಕತೊಡಗಿದರು.