ಕಬ್ಬಿನ ಬಾಕಿ ಬಗ್ಗೆಯೂ ಕೇಳಬೇಕಿತ್ತು

ಮೇಲುಕೋಟೆ ಶಾಸಕ ದರ್ಶನ್ ಪುಟ್ಟಣ್ಣಯ್ಯ ಅವರ ನಿಲುವುಗಳ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಖುಷಿಯಾಯಿತು. ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸಿದವರು. 2018ರ ವಿಧಾನಸಭಾ ಚುನಾವಣೆಯಲ್ಲಿ ಸೋತರು, 2023ರಲ್ಲಿ ಗೆದ್ದರು. ಆ ಕಥೆ ನಮಗೆಲ್ಲ ಗೊತ್ತು. ಆದರೆ ಕಬ್ಬಿನ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ, ಅದೇ ಬೇಜಾರು.

ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ನಿಗದಿ ಮಾಡೋದು ಕೇಂದ್ರ ಸರ್ಕಾರ. ಹಾಗಾಗಿ 'ದರ ಏರಿಸ್ತೀನಿ' ಅಂತ ಯಾವ ಅಭ್ಯರ್ಥಿ ಹೇಳಿದರೂ ನಾನು ಅಷ್ಟು ಸುಲಭವಾಗಿ ನಂಬಲ್ಲ. ಕೇಳಬೇಕಾದ್ದು ಕಾರ್ಖಾನೆಗಳು ಉಳಿಸಿಕೊಳ್ಳುವ ಬಾಕಿ ಬಗ್ಗೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ನಮ್ಮಪ್ಪ ಒಂದು ವರ್ಷ ತೂಕದ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಜೇಬಲ್ಲಿಟ್ಟುಕೊಂಡು ಆರು ತಿಂಗಳು ಕಾರ್ಖಾನೆಗೆ ಅಲೆದರು. ಬಡ್ಡಿ ಹಾಗಿರಲಿ, ಅಸಲೇ ಕಂತಲ್ಲಿ ಬಂತು. ಸೊಸೈಟಿ ಸಾಲಕ್ಕೆ ಅಮ್ಮನ ಓಲೆ ಹೋಯಿತು.

ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಒಳ್ಳೆಯದೇ. ಅಮ್ಮ ಈಗ ಆಸ್ಪತ್ರೆಗೆ ಯಾರ ಹತ್ತಿರವೂ ಬಸ್ ಚಾರ್ಜ್ ಕೇಳಲ್ಲ. ಅದನ್ನು ಬಿಟ್ಟಿ ಭಾಗ್ಯ ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಆದರೆ ಬೆಳೆದವರಿಗೆ ಸಮಯಕ್ಕೆ ದುಡ್ಡು ಸಿಗೋದೂ ಹೆಂಗಸರ ವಿಷಯವೇ ಅಲ್ವಾ? ಮುಂದಿನ ಸಲ ಎಲ್ಲ ಅಭ್ಯರ್ಥಿಗಳಿಗೂ ಆ 14 ದಿನದ ಪ್ರಶ್ನೆ ಕೇಳಿ, ದಯವಿಟ್ಟು.